ಗ್ವಾಡಿ ಮ್ಯಾಲಿನ ಸಾಲಿ ಸುದ್ದಿ

ಕೊಪ್ಪಳದ ನಮ್ಮ ಓಣಿಗೆ ಮುಂಗಾರು ಮಳೆಗಿಂತ ಮೊದಲು ಬರುವುದು ಸಾಲಿ ಸುದ್ದಿ. ಅದು ನೋಟಿಸ್ ಬೋರ್ಡಿನಿಂದ ಬರುವುದಿಲ್ಲ, ಅಡ್ಡಗ್ವಾಡಿ ಮೇಲಿಂದ ಬರುತ್ತದೆ. ಒಬ್ಬರು ಅರ್ಧ ಕೇಳಿರುತ್ತಾರೆ, ಇನ್ನೊಬ್ಬರು ತಮ್ಮದೊಂದು ಅರ್ಧ ಸೇರಿಸಿರುತ್ತಾರೆ, ನಮ್ಮ ಗ್ವಾಡಿ ಮುಟ್ಟುವ ಹೊತ್ತಿಗೆ ಅದು ಪೂರಾ ಸರ್ಕಾರಿ ಆದೇಶವೇ ಆಗಿರುತ್ತದೆ. ಅಕ್ಕೋರಾಗಿ ನಿವೃತ್ತಿಯಾದವಳು ನಾನು. ಹಾಗಾಗಿ ಓಣಿಯ ಆದೇಶಗಳೆಲ್ಲ ಸಹಿಗೆ ನನ್ನ ಹತ್ತಿರವೇ ಬರುತ್ತವೆ.

“ಅಕ್ಕೋರ, ಸಣ್ಣಾಕಿ ಆಧಾರ್‌ದಾಗ ಹೆಸರು ತಪ್ಪು ಬಿದ್ದೈತ್ರಿ. ಅದನ್ನ ತಿದ್ದಿಸೋಮಟ ಸಾಲ್ಯಾಗ ಹೆಸರು ಹಚ್ಚಂಗಿಲ್ಲಂತ. ಬಜಾರದಾಗ ಅಂದ್ರು.”

“ಬಜಾರದಾಗ ಸಾಲಿ ನಡಸ್ತಾರೇನ ತಂಗಿ?”

ಆಚೆಮನೆಯ ಸೊಸೆ ನಕ್ಕಳು, ಆದರೆ ಅಂಜಿಕೆ ಹೋಗಲಿಲ್ಲ. ತವರು ತಾವರಗೇರಾ ಕಡೆ. ಈ ವರ್ಷ ಮಗಳನ್ನು ಒಂದನೇತ್ತಕ್ಕೆ ಹಚ್ಚಬೇಕು. ವಯಸ್ಸಿನ ದಾಖಲೆ ಇಲ್ಲ ಅಂತ ಮಗುವನ್ನು ಹಿಂದಕ್ಕೆ ಕಳಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಆ ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. ಆಧಾರ್ ಇಲ್ಲವೆಂದು ಸಾಲಿ ಪ್ರವೇಶ ತಪ್ಪಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಇದನ್ನೆಲ್ಲ ಹೇಳಿದರೆ ಆಕೆ ಕೇಳಿದ್ದು, “ಹಂಗಾದ್ರ ಹೆಡ್ ಮಾಸ್ತರಿಗೆ ಸಿಟ್ಟು ಬರಂಗಿಲ್ಲೇನ್ರಿ?”

ನಮ್ಮ ಮಂದಿಯ ತೊಂದರೆಯೇ ಇದು. ಸರ್ಕಾರಿ ಸಾಲಿ ಬಾಗಿಲಿಗೂ ಅವರು ಹೋಗುವುದು ಫಿರ್ಯಾದಿಗೆ ಕಚೇರಿಗೆ ಹೋದ ಹಾಗೆ: ಚಪ್ಪಲಿ ಹೊರಗೆ, ಕಾಗದದ ಚೀಲ ಎದೆಗೆ. ಆದರೆ ನಿಯಮ ಬಿಡಿಸಿ ನೋಡಿದರೆ ಕಟ್ಟುಪಾಡು ಬಹುಪಾಲು ಸಾಲಿಯ ಮೇಲಿವೆ. ತಾಯಿತಂದೆ ಮೇಲೆ ಇರುವುದು ಎರಡೋ ಮೂರೋ. ಜನ ಇದನ್ನು ತಿರುವಿ ತಿಳಿದುಕೊಂಡಿದ್ದಾರೆ. ಸಾಲಿಯವರೂ, ಸುಳ್ಳು ಯಾಕೆ ಹೇಳಲಿ, ತಿದ್ದಲು ಹೋಗಿಲ್ಲ.

ಹೆಸರಿನ ವಿಷಯ ಆ ಎರಡು ಮೂರರಲ್ಲಿ ಒಂದು. ಕಾಗದ ತಪ್ಪಿದ್ದರೆ ಸಾಲಿಗೆ ಸೇರುವುದು ನಿಲ್ಲುವುದಿಲ್ಲ, ಆದರೆ ದಾಖಲಾತಿ ಪುಸ್ತಕದಲ್ಲಿ ಮೊದಲ ದಿನ ಏನು ಬರೆಸುತ್ತೀರೋ ಅದು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯವರೆಗೂ ಬೆನ್ನು ಬಿಡುವುದಿಲ್ಲ. ಕೊಪ್ಪಳದಲ್ಲಿ ಗವಿಸಿದ್ದಪ್ಪ ಅನ್ನುವ ಹೆಸರು ಓಣಿಗೆ ನಾಲ್ಕು ಸಿಗುತ್ತವೆ. ಒಬ್ಬನೇ ಹುಡುಗ ಆಧಾರ್‌ನಲ್ಲಿ ಗವಿಸಿದ್ದಪ್ಪ, ರೇಷನ್ ಕಾರ್ಡಿನಲ್ಲಿ ಗವಿಸಿದ್ದೇಶ, ಜನನ ಪತ್ರದಲ್ಲಿ ಬರೇ ‘ಗಂಡು ಮಗು’ ಆಗಿದ್ದರೆ, ವಿದ್ಯಾರ್ಥಿವೇತನದ ಕಂಪ್ಯೂಟರಿಗೆ ಅವು ಮೂರು ಮಕ್ಕಳು. ಒಬ್ಬನಿಗೂ ದುಡ್ಡು ಬರುವುದಿಲ್ಲ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋಗುವ ಮೊದಲೇ ಈ ಮೂವರನ್ನು ಒಬ್ಬನನ್ನಾಗಿ ಮಾಡಿಕೊಳ್ಳುವುದು ಒಳ್ಳೆಯದು. ಆದಾಯದ ಪತ್ರ ಐದು ವರ್ಷ ನಡೆಯುತ್ತದೆ, ವರ್ಷವರ್ಷ ಸಾಲು ಹಚ್ಚಬೇಕಿಲ್ಲ.

ನಮ್ಮ ವಾರಿಗೆಯವರಿಗೆ ಈ ತಲೆನೋವೇ ಇರಲಿಲ್ಲ. ಹುಡುಗ ಬಲಗೈಯನ್ನು ತಲೆ ಮೇಲಿಂದ ತಂದು ಎಡಗಿವಿ ಮುಟ್ಟಿದರೆ ಅವನಿಗೆ ಆರು ವರ್ಷ, ಮುಟ್ಟದಿದ್ದರೆ ಮುಂದಿನ ವರ್ಷ ಬಾ. “ಯಾವಾಗ ಹುಟ್ಯಾನ?” ಅಂದರೆ “ಕಾರಹುಣ್ಣಿವಿ ಮುಂದ” ಅನ್ನುತ್ತಿದ್ದರು. ಯಾವ ವರ್ಷದ ಕಾರಹುಣ್ಣಿವಿ ಅಂತ ಮಾಸ್ತರೂ ಕೇಳುತ್ತಿರಲಿಲ್ಲ. ಜೂನ್ 1 ಅಂತ ಬರೆದು ಮುಂದಿನವನನ್ನು ಕರೆಯುತ್ತಿದ್ದರು. ನಮ್ಮ ಕಡೆ ಪೆನ್ಷನ್ ತೆಗೆದುಕೊಳ್ಳುವವರಲ್ಲಿ ಎಷ್ಟು ಮಂದಿ ಜೂನ್ ಒಂದರಂದೇ ಹುಟ್ಟಿದ್ದಾರೆ ಅಂತ ಎಣಿಸಿದರೆ ಅದೊಂದು ಪವಾಡವೇ.

ಈಗ ಆ ಜೂನ್ 1 ಬೇರೆ ಕೆಲಸಕ್ಕೆ ಬಂದಿದೆ. ಆ ದಿನಕ್ಕೆ ಆರು ತುಂಬಿರಬೇಕು ಅನ್ನುವ ನಿಯಮ 2025-26ಕ್ಕೆ ಜಾರಿಯಾಗಬೇಕಿತ್ತು. ಎಲ್‌ಕೆಜಿ, ಯುಕೆಜಿ ಮುಗಿಸಿ ಕೂತ ಮಕ್ಕಳ ಪಾಲಕರು ಗದ್ದಲ ಎಬ್ಬಿಸಿದ ಮೇಲೆ ಏಪ್ರಿಲ್‌ನಲ್ಲಿ ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲ ಮಾಡಿದರು. ಆರಾದ ಮೇಲೆ ಕಳಿಸಿದರೆ ಕೆಡುವುದೇನೂ ಇಲ್ಲ ಅನ್ನುವುದು ನನ್ನ ಮತ. ಐದಕ್ಕೇ ಪೆನ್ಸಿಲು ಹಿಡಿಸಿದ ಮಕ್ಕಳ ಬೆರಳು ನೋಡಿದವಳು ನಾನು.

ಅಷ್ಟರಲ್ಲಿ ಆಕೆಯ ಮಾವ ಕಟ್ಟೆಯ ಮೇಲಿಂದ ತಮ್ಮದೊಂದು ತಕರಾರು ಎಸೆದರು. “ಅಕ್ಕೋರ, ಒಂದನೇತ್ತದಾಗ ಪಾಟಿ ಪುಸ್ತಕ ಏನೂ ಇಲ್ಲಲ್ಲ. ನೆಲದ ಮ್ಯಾಲ ಕುಂತು ಕಾರ್ಡ್ ಆಡ್ತಾವು, ಹಾಡ್ತಾವು. ಮನಿಪಾಠನೂ ಕೊಡಂಗಿಲ್ಲ. ಇದೆಂಥ ಸಾಲಿ?”

“ಅದು ನಲಿಕಲಿ ಕಾಕಾ.”

1995ರಲ್ಲಿ ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು ಶುರು ಮಾಡಿದ್ದು ಆಮೇಲೆ ರಾಜ್ಯದ ಸರ್ಕಾರಿ ಸಾಲಿಗಳಿಗೆಲ್ಲ ಬಂತು. ಒಂದು, ಎರಡು, ಮೂರನೇತ್ತದ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಗೋಡೆಗೆ ಕಲಿಕೆಯ ಏಣಿ ಇರುತ್ತದೆ, ಮಗು ತನಗೆ ಬಂದಷ್ಟು ಮೆಟ್ಟಿಲು ಹತ್ತುತ್ತದೆ. ಪಂಚಮಿಗೆಂದು ಎಂಟು ದಿನ ಅಜ್ಜಿ ಊರಿಗೆ ಹೋಗಿ ಉಂಡಿ ತಿಂದು ಬಂದ ಹುಡುಗಿ ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತುತ್ತಾಳೆ, ‘ಪಾಠ ಮುಗಿದು ಹೋಯ್ತು’ ಅನ್ನುವ ಮಾತಿಲ್ಲ. ಮನಿಪಾಠದ ಬಗ್ಗೆಯಂತೂ 2019ರ ಆದೇಶವೇ ಇದೆ: ಒಂದು, ಎರಡನೇತ್ತಕ್ಕೆ ಮನಿಪಾಠ ಕೂಡದು, ಅವರ ಚೀಲ ಎರಡು ಕಿಲೋ ದಾಟಬಾರದು. ತಿಂಗಳ ಮೂರನೇ ಶನಿವಾರ ಚೀಲವೇ ಇಲ್ಲ. ಇದನ್ನು ಹೇಳಿದಾಗ ಕಾಕಾ ಇಂಗ್ಲಿಷ್ ಮೀಡಿಯಂ ಸಾಲಿಗೆ ಹೋಗುವ ದೊಡ್ಡ ಮೊಮ್ಮಗನ ಚೀಲವನ್ನು ಒಮ್ಮೆ ಎತ್ತಿ ನೋಡಿದರು. ಏನೂ ಅನ್ನಲಿಲ್ಲ.

ಆದರೂ ಹಳೆಯ ಕಾಲದವರು. “ಹೊಡೀರಿ ಅಕ್ಕೋರ, ಕಣ್ಣೊಂದು ಬಿಟ್ಟು ಎಲ್ಲೆರ ಹೊಡೀರಿ, ವಿದ್ಯೆ ಬಂದ್ರ ಸಾಕು ಅಂತಿದ್ವಿ ನಾವು.” ಹೌದು, ಅನ್ನುತ್ತಿದ್ದರು, ನನಗೇ ಎಷ್ಟೋ ಮಂದಿ ಅಂದಿದ್ದಾರೆ. ಈಗ ಪಾಲಕರೇ ಒಪ್ಪಿಗೆ ಬರೆದುಕೊಟ್ಟರೂ ನಡೆಯುವುದಿಲ್ಲ. ಮಗುವಿಗೆ ಹೊಡೆಯುವುದಷ್ಟೇ ಅಲ್ಲ, ಮನಸ್ಸಿಗೆ ಹಿಂಸೆ ಕೊಡುವುದನ್ನೂ ಅದೇ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಹಂಗೇನಾದರೂ ಆದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಹಚ್ಚಬಹುದು, ದುಡ್ಡು ಬೀಳುವುದಿಲ್ಲ.

ಊಟದ ಮಾತಿಗೆ ಬಂದರೆ ಗ್ವಾಡಿಯ ಎರಡೂ ಕಡೆ ಮಂದಿ ಹೆಚ್ಚಾಗುತ್ತಾರೆ. ಬಿಸಿಯೂಟ ಇಡೀ ರಾಜ್ಯಕ್ಕೆ ಬೆಂಗಳೂರಿನಿಂದ ಹರಿದು ಬಂತು ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಅಕ್ಷರ ದಾಸೋಹದ ಒಲೆ ಮೊದಲು ಹೊತ್ತಿದ್ದು ನಮ್ಮ ಕಡೆಯೇ, 2002ರ ಜೂನ್‌ನಲ್ಲಿ, ಕೊಪ್ಪಳ, ರಾಯಚೂರು, ಕಲಬುರ್ಗಿ, ಬೀದರ ಸೇರಿ ಏಳು ಜಿಲ್ಲೆಗಳಲ್ಲಿ. ಮೈಸೂರು ಸೀಮೆಗೆ ಹೋದದ್ದು ಆಮೇಲೆ. ಅದಕ್ಕೂ ಮುಂಚೆ ತಿಂಗಳಿಗೆ ಮೂರು ಕಿಲೋ ಅಕ್ಕಿ ಕೊಡುತ್ತಿದ್ದೆವು, ಹಾಜರಿ ನೂರಕ್ಕೆ ಎಂಬತ್ತು ಇದ್ದವರಿಗೆ. ಅಕ್ಕಿ ಕೊಡುವ ದಿನ ಮಗು ಬರುತ್ತಿರಲಿಲ್ಲ, ಅವ್ವ ಚೀಲ ಹಿಡಿದು ಬರುತ್ತಿದ್ದಳು. ಸಾಲಿಯಲ್ಲೇ ಬೇಯಿಸಿ ಹಾಕತೊಡಗಿದ ಮೇಲೆ ಮಗುವೇ ಬರಬೇಕಾಯಿತು. ಸರ್ಕಾರದ ಯೋಜನೆಗಳಲ್ಲಿ ಇಷ್ಟು ಸೀದಾ ಬುದ್ಧಿಯದು ಇನ್ನೊಂದನ್ನು ನಾನು ಕಂಡಿಲ್ಲ. ಹಾಲು ಬಂದದ್ದು 2013ರ ಆಗಸ್ಟ್ 1ರಿಂದ. ಈಚೆಗೆ ಅದರೊಳಗೆ ರಾಗಿ ಮಾಲ್ಟ್ ಕೂಡ ಬೆರೆಸುತ್ತಾರೆ.

ತತ್ತಿಯ ಗದ್ದಲವೂ ನಮ್ಮದೇ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೂ ವಿಜಯಪುರಕ್ಕೂ ಮೊದಲು ತತ್ತಿ ಕೊಟ್ಟರು. ಕೆಲವು ಸ್ವಾಮಿಗಳು ಬೇಡವೆಂದರು. ಆಗ ಗಂಗಾವತಿಯ ಒಬ್ಬ ವಿದ್ಯಾರ್ಥಿನಿ ನಿಂತು ಮಾತಾಡಿದ ವಿಡಿಯೋ ಮನೆಮನೆಯ ಮೊಬೈಲಿಗೂ ಬಂತು: ಬೇಡವೆನ್ನಲು ನೀವ್ಯಾರು, ಬಡವರ ಮಕ್ಕಳ ಹಸಿವು ನಿಮಗೇನು ಗೊತ್ತು ಅನ್ನುವ ಧಾಟಿಯಲ್ಲಿ. ನನಗಂತೂ ಆ ಹುಡುಗಿಯ ಅಕ್ಕೋರು ಯಾರಿದ್ದಾರೋ ಅವರ ಮೇಲೆ ಹೊಟ್ಟೆಕಿಚ್ಚಾಯಿತು.

“ನಮ್ಮಾಕಿ ತತ್ತಿ ಮುಟ್ಟಂಗಿಲ್ರಿ. ಒತ್ತಾಯ ಮಾಡ್ತಾರೇನು?”

“ಬಾಳಿಹಣ್ಣು ಕೊಡ್ತಾರ. ನೀ ಮೊದಲs ಹೋಗಿ ಹೇಳಿಬಿಡು, ಅಷ್ಟs.”

ಜಂತುಹುಳದ ಗುಳಿಗೆ ಬಗ್ಗೆಯೂ ವರ್ಷಕ್ಕೆರಡು ಸಲ ಪುಕಾರು ಏಳುತ್ತದೆ, ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ಅದನ್ನು ಕೊಡುವಾಗ. ಅಗಿದು ನುಂಗಬೇಕು, ಜ್ವರ ಇದ್ದ ದಿನ ಬೇಡ ಅಂತ ಅಕ್ಕೋರಿಗೆ ಹೇಳಬೇಕು. ಆ ದಿನ ಮಗುವನ್ನು ಮನೆಯಲ್ಲಿ ಬಚ್ಚಿಡುವುದರಿಂದ ಲಾಭ ಹುಳಕ್ಕೆ ಮಾತ್ರ.

ಎಸ್‌ಡಿಎಂಸಿ, ಅಂದರೆ ಸಾಲಿ ಸಮಿತಿಯ ವಿಷಯ ಎತ್ತಿದರೆ ಎಲ್ಲರಿಗೂ ಬೇರೆ ಕೆಲಸ ನೆನಪಾಗುತ್ತದೆ. ಕಾಯ್ದೆಯ ಪ್ರಕಾರ ಆ ಸಮಿತಿಯ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಹೆಂಗಸರು. ಯಲಬುರ್ಗಾ ಕಡೆ ನಾನಿದ್ದ ಒಂದೂರಲ್ಲಿ ಸದಸ್ಯೆ ಹೊಲಕ್ಕೆ, ಆಕೆಯ ಗಂಡ ಸಭೆಗೆ ಅಂತ ಹಂಚಿಕೆ ಆಗಿತ್ತು. ಒಮ್ಮೆ ಗಂಡನಿಗೆ ಜ್ವರ ಬಂದು ಆಕೆಯೇ ಬಂದಳು. ಬಂದವಳೇ ಕೇಳಿದ್ದು, “ಹೆಣ್ಣುಡುಗರ ಪಾಯಖಾನಿಗೆ ನೀರ್ಯಾಕ ಇಲ್ಲ?” ಅಷ್ಟು ವರ್ಷ ಸಭೆ ನಡೆದರೂ ಆ ಪ್ರಶ್ನೆ ನಡಾವಳಿ ಪುಸ್ತಕದಲ್ಲಿ ಬಂದಿರಲಿಲ್ಲ. ಮುಂದಿನ ತಿಂಗಳು ಗಂಡನಿಗೆ ಜ್ವರ ಇಳಿದಿತ್ತು, ಆದರೂ ಆಕೆಯೇ ಬಂದಳು.

ಇಷ್ಟೆಲ್ಲ ಹರಟಿದ ಮೇಲೆ ಆಚೆಮನೆಯ ಸೊಸೆ ದನಿ ಇಳಿಸಿ ನಿಜವಾದ ಚಿಂತೆ ಹೊರಗೆ ತೆಗೆದಳು. ಅಣ್ಣಂದು. ಮಳೆ ಕೈಕೊಟ್ಟರೆ ದೀಪಾವಳಿ ಮುಗಿಸಿ ಮಂಗಳೂರಿಗೆ ದುಡಿಯಲು ಹೋಗುತ್ತಾನೆ, ಹೆಂಡತಿ ಮಕ್ಕಳ ಸಮೇತ. ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಊರುಗಳಲ್ಲಿ ಗುಳೆ ಹೊಸತಲ್ಲ. ಗಂಗಾವತಿ ಕಡೆ ತುಂಗಭದ್ರಾ ಕಾಲುವೆ ಇದೆ, ಬತ್ತ ಇದೆ, ಅಲ್ಲಿಗೆ ಬೇರೆಯವರೇ ಕೂಲಿಗೆ ಬರುತ್ತಾರೆ. ಒಂದೇ ಜಿಲ್ಲೆ, ಆದರೆ ಸಾಲಿ ಹಾಜರಿ ಪುಸ್ತಕ ತೆರೆದರೆ ಡಿಸೆಂಬರಿನ ಪುಟ ಎರಡು ಕಡೆ ಎರಡು ಥರ.

“ಹೋದ ವರ್ಷ ಯಾರಿಗೂ ಹೇಳದ ಹೋದ. ವಾಪಸ್ ಬಂದಾಗ ಹುಡುಗನ ಹೆಸರು ಹೊಡದಾಕ್ಯಾರ ಅಂತ ಅಂಜಿ ಸಾಲಿ ಕಡೆ ಹಾಯಲೇ ಇಲ್ರಿ.”

ಇಲ್ಲೇ ಇರುವುದು ಪಾಲಕರ ಪಾಲಿನ ದೊಡ್ಡ ಕಟ್ಟುಪಾಡು: ಹೋಗುವ ಮೊದಲು ಹೇಳಿ ಹೋಗಬೇಕು. ಹೇಳಿದರೆ ಸಾಲಿಗೆ ದಾರಿಗಳಿವೆ. ಅಜ್ಜಿಯ ಹತ್ತಿರ ಬಿಡುವುದಾದರೆ ಬಿಡಿ, ಅಥವಾ ಗುಳೆ ಹೋದವರ ಮಕ್ಕಳಿಗೆಂದು ಹಂಗಾಮಿನ ವಸತಿ ಕೇಂದ್ರ ಹತ್ತಿರದಲ್ಲಿ ನಡೆಯುತ್ತಿದೆಯೇ ಎಂದು ಕೇಳಿ. ಕರೆದುಕೊಂಡೇ ಹೋಗುವುದಾದರೆ ಟಿಸಿ ಕೇಳಿ, ಹೆಡ್ ಮಾಸ್ತರು ತಡ ಮಾಡದೆ ಕೊಡಲೇಬೇಕು. ಟಿಸಿ ಕೈಯಲ್ಲಿಲ್ಲ ಅಂತ ಮಂಗಳೂರಿನ ಸರ್ಕಾರಿ ಸಾಲಿಯವರು ಬಾಗಿಲು ಹಾಕುವಂತಿಲ್ಲ. ಹೇಳದೆ ಹೋದರೆ? ವಾರ ಬಾರದಿದ್ದರೆ ಮಗು ‘ಶಾಲೆಯಿಂದ ಹೊರಗುಳಿದವರ’ ಲೆಕ್ಕಕ್ಕೆ ಹೋಗುತ್ತದೆ, ಮಾಸ್ತರು ಮನೆಗೆ ಬರುತ್ತಾರೆ, ಮನೆಗೆ ಕೀಲಿ. ಆಗಲೂ ಹೆದರಿ ದೂರ ಇರಬೇಕಿಲ್ಲ. ವರ್ಷದ ನಡುವೆ ಯಾವ ದಿನ ಬಂದರೂ, ವಯಸ್ಸಿಗೆ ತಕ್ಕ ತರಗತಿಗೆ ಕೂಡಿಸಿಕೊಳ್ಳಬೇಕು ಅನ್ನುವುದೂ ಕಾಯ್ದೆಯ ಮಾತೇ.

“ಇನ್ನೊಂದು, ಹುಡುಗನ ಸ್ಯಾಟ್ಸ್ ನಂಬರ್ ಬರಕೊಂಡು ಹೋಗಂತ ಹೇಳು. ರಾಜ್ಯದಾಗ ಯಾವ ಸಾಲಿಗೆ ಹೋದ್ರೂ ಅದs ನಂಬರ್, ಅದನ್ನ ಹಾಕಿದ್ರ ಹುಡುಗಂದೆಲ್ಲ ಬರ್ತೈತಿ.”

ಆಕೆ ಅವತ್ತೇ ಅಣ್ಣನಿಗೆ ಹೇಳಿದಳು. ಅವನು ಸಾಲಿಗೆ ಹೋಗಿ ನಂಬರು ಕೇಳಿ ಮೊಬೈಲಿನಲ್ಲಿ ‘ಸಾಲಿ’ ಅಂತ ಹೆಸರು ಹಾಕಿ ಇಟ್ಟುಕೊಂಡನಂತೆ. ಎರಡು ದಿನ ಬಿಟ್ಟು ಮತ್ತೆ ಗ್ವಾಡಿಗೆ ಬಂದಳು.

“ಅಕ್ಕೋರ, ಅಣ್ಣ ಮುಂಜಾನಿಂದ ಹಚ್ಚಾಕತ್ಯಾನ್ರಿ, ಆ ನಂಬರ್ ಹತ್ತವಲ್ದಂತ. ಚಾರ್ಜ್ ಇಲ್ಲೇನು ನೋಡ್ರಿ ಸಾಲ್ಯಾಗ.”