ಭಾನುವಾರದ ಸ್ಟ್ರೈಕರ್‌ಗಳು

ಬೆಂಗಳೂರಿನ ಗೌತಮಪುರದಲ್ಲಿ ಫುಟ್‌ಬಾಲ್ ಆಟಗಾರ ಪೆಲೆಯ ಪ್ರತಿಮೆಯೇ ಇದೆ. ಅದರ ಪ್ರಭಾವವೋ ಏನೋ, ಭಾನುವಾರ ಬೆಳಿಗ್ಗೆ ಮೈದಾನಕ್ಕಿಳಿಯುವ ಪ್ರತಿಯೊಬ್ಬರಿಗೂ ಸ್ಟ್ರೈಕರೇ ಆಗಬೇಕು. ತಡವಾಗಿ ಬಂದ ಪಾಪದವನು ಮಾತ್ರ ಗೋಲಿ.

ಸ್ಟ್ರೈಕರ್‌ಗಳಲ್ಲೂ ಜಾತಿಗಳಿವೆ. ಮೊದಲನೆಯವರು ಕಾಯುವವರು. ಗೋಲ್‌ಪೋಸ್ಟ್ ಅಂತ ಇಟ್ಟ ಬ್ಯಾಗುಗಳ ಪಕ್ಕದಲ್ಲೇ ಠಿಕಾಣಿ. ಓಡಪ್ಪಾ ಅಂದರೆ, ಗೋಲ್‌ಪೋಸ್ಟ್ ಬಳಿಯೇ ಹೊಂಚು ಹಾಕುತ್ತಿದ್ದ ಜರ್ಮನಿಯ ಗೆರ್ಡ್ ಮುಲ್ಲರ್ 1970ರ ವಿಶ್ವಕಪ್‌ನಲ್ಲಿ 10 ಗೋಲು ಹೊಡೆದ ಲೆಕ್ಕ ಒಪ್ಪಿಸುತ್ತಾರೆ. ಲೈನ್ಸ್‌ಮನ್ ಇಲ್ಲದ ಆಟದಲ್ಲಿ ಆಫ್‌ಸೈಡ್ ತೀರ್ಮಾನ ಜೋರು ಗಂಟಲಿನವರದ್ದು; ಆ ಗಂಟಲೂ ಇವರದ್ದೇ.

ಎರಡನೆಯವರು ಓಟಗಾರರು. ತಲೆ ತಗ್ಗಿಸಿ ಕಿತ್ತರೆಂದರೆ ಗೆರೆ ದಾಟಿ ಕಾಂಪೌಂಡ್ ಮುಟ್ಟಿಯೇ ನಿಲ್ಲುವುದು. ಚೆಂಡು ಹಿಂದೆಯೇ ಉಳಿದಿದೆ ಅಂತ ಯಾರಾದರೂ ಕೂಗಿ ಹೇಳಬೇಕು.

ಮೂರನೆಯವರು ಧಡೂತಿ ಆಸಾಮಿಗಳು. ಗೋಲ್‌ಪೋಸ್ಟ್‌ಗೆ ಬೆನ್ನು ಹಾಕಿ ನಿಂತು, ಎತ್ತರದ ಚೆಂಡನ್ನು ಎದೆಯ ಮೇಲೆ ಇಳಿಸಿಕೊಳ್ಳುವುದು ಇವರ ಕೆಲಸ. ಚೆಂಡು ಸಾಮಾನ್ಯವಾಗಿ ಹೊಟ್ಟೆಯ ಮೇಲೆ ಬೀಳುತ್ತದೆ. ಜಾಗ ವಿಶಾಲವಾಗಿರುವುದರಿಂದ ತೊಂದರೆಯಿಲ್ಲ.

ನಾಲ್ಕನೆಯವರು ಫಾಲ್ಸ್ ನೈನ್, ಅಂದರೆ ಮುಂದೆ ನಿಲ್ಲದೆ ಹಿಂದಕ್ಕೆ ಸರಿದು ಆಡುವ ಸ್ಟ್ರೈಕರ್. 2009ರಲ್ಲಿ ಬಾರ್ಸಿಲೋನಾ ಕೋಚ್ ಗಾರ್ಡಿಯೋಲಾ ಮೆಸ್ಸಿಯನ್ನು ಹೀಗೇ ಸ್ವಲ್ಪ ಹಿಂದಕ್ಕೆ ಸರಿಸಿ ಆಡಿಸಿದ. ಬಾರ್ಸಿಲೋನಾ ರಿಯಲ್ ಮ್ಯಾಡ್ರಿಡ್‌ಗೆ 6-2ರ ಏಟು ಕೊಟ್ಟಿತು. ನಮ್ಮವರೂ ಹಿಂದಕ್ಕೆ ಸರಿಯುತ್ತಾರೆ, ನೀರಿನ ಬಾಟಲಿ ಇರುವುದು ಅಲ್ಲೇ.

ಆಟ ಮುಗಿಸಿ ದರ್ಶಿನಿಯಲ್ಲಿ ಇಡ್ಲಿ-ವಡೆ ಮುಂದೆ ನಿಂತಾಗ ಎಲ್ಲರೂ ಸುನಿಲ್ ಛೆಟ್ರಿಗಳೇ. ದುಡ್ಡು ಕೊಡುವ ಹೊತ್ತಿಗೆ ಮಾತ್ರ ತಂಡದ ತುಂಬ ಡಿಫೆಂಡರ್‌ಗಳು.