ಗಾಡಿ ಶೋಕಿಯ ಸಾವಕಾರ

ಗಾಡಿ ಶೋಕಿಯ ಸಾವಕಾರ ಘಟಪ್ರಭೆಯ ನೀರು ಮುಟ್ಟಿದಲ್ಲೆಲ್ಲ ಸಿಗುತ್ತಾನೆ. ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯಲ್ಲಿ ಕಬ್ಬು ಬೆಳೆದಷ್ಟೇ ಹುಲುಸಾಗಿ ಇವನ ಸಂತತಿಯೂ ಬೆಳೆದಿದೆ. ಘೋಡಗೇರಿಯಲ್ಲಿರುವುದು ಅದರ ಒಳ್ಳೆಯ ತಳಿ. ವಯಸ್ಸು ಅರವತ್ತರ ಆಸುಪಾಸು. ಬದುಕಿನ ಯಾವ ಸಂಗತಿಗೂ ಇವನು ಇಸವಿ ಹೇಳುವುದಿಲ್ಲ. ಲಗ್ನವಾದದ್ದು ಯೆಜ್ಡಿ ಇದ್ದಾಗ, ಹಿರಿಮಗಳು ಹುಟ್ಟಿದ್ದು ಜೀಪಿನ ಕಾಲಕ್ಕೆ, ತಂದೆ ತೀರಿಕೊಂಡದ್ದು ಕಾಂಟೆಸ್ಸಾದ ಗೇರ್‌ಬಾಕ್ಸ್ ಬಿಚ್ಚಿಟ್ಟ ವಾರ.

ಶೋಕಿ ಇವನಿಂದ ಶುರುವಾದದ್ದಲ್ಲ. ಅಜ್ಜನ ಸ್ಪೋರ್ಟ್ಸ್ ಕಾರಿಗೆ ಎರಡೇ ಗಾಲಿ ಇದ್ದವು: ಖಿಲಾರಿ ಜೋಡಿ ಕಟ್ಟಿದ ಶರ್ಯತ್ತಿನ ಗಾಡಿ. ಆ ಎತ್ತುಗಳು ನೇಗಿಲು ಕಂಡವಲ್ಲ; ಮನೆಯ ಮಕ್ಕಳಿಗಿಂತ ಮೊದಲು ಅವಕ್ಕೆ ಹಿಂಡಿ, ಹಾಲು, ತತ್ತಿ. ಇಂಥ ಎತ್ತಿನಗಾಡಿ ಓಟಗಳನ್ನು 2014ರಲ್ಲಿ ಸುಪ್ರೀಂ ಕೋರ್ಟ್ ತಡೆಯಿತು, 2017ರಲ್ಲಿ ಕರ್ನಾಟಕ ಕಾನೂನು ತಿದ್ದಿಕೊಂಡಿತು, 2023ರಲ್ಲಿ ಅದೇ ಕೋರ್ಟು ತಿದ್ದುಪಡಿಯನ್ನು ಎತ್ತಿಹಿಡಿಯಿತು. ಮನೆಯ ಯಾವ ಕಾರೂ ಇಷ್ಟು ದೊಡ್ಡ ಕಟಕಟೆ ಹತ್ತಿಲ್ಲ.

ಸಾವಕಾರನ ಸ್ವಂತ ಇತಿಹಾಸ ಎರಡು ಸೈಲೆನ್ಸರಿನ ಯೆಜ್ಡಿಯಿಂದ ಆರಂಭವಾಗುತ್ತದೆ. ಮೈಸೂರಿನ ಐಡಿಯಲ್ ಜಾವಾ 1996ರವರೆಗೆ ತಯಾರಿಸಿದ ಗಾಡಿ ಅದು. ಕಿಕ್ ಹೊಡೆದ ಕಡ್ಡಿಯನ್ನೇ ಮುಂದಕ್ಕೆ ತಿರುವಿದರೆ ಗೇರ್ ಆಗುತ್ತಿತ್ತು. ಈ ಚಮತ್ಕಾರ ತಿಳಿಯದವನಿಗೆ ಗಾಡಿ ಕೊಟ್ಟು, ಅವನು ಗೇರಿಗಾಗಿ ತಡಕಾಡುವುದನ್ನು ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತು ನೋಡುವುದು ಆ ಕಾಲದ ಮನರಂಜನೆ. ನಂತರ ಬಂದದ್ದು ಯಮಹಾ ಆರ್‌ಎಕ್ಸ್ 100. ಎಂಜಿನ್ 98 ಸಿಸಿ, ಶಕ್ತಿ 11 ಅಶ್ವಬಲ. ಅಂಕಿ ಸಣ್ಣದು, ಗಾಡಿ ಹಗುರ, ಹಾಗಾಗಿ ಪಿಕಪ್ ಮಾತ್ರ ಜೋರು. ಸಾವಕಾರ ಇದನ್ನು ಹೆಚ್ಚು ದಿನ ಇಟ್ಟುಕೊಳ್ಳಲಿಲ್ಲ. ಹೊಟ್ಟೆ ಬಂದಿತ್ತು, ಗಾಡಿಯಲ್ಲಿ ಅಷ್ಟು ಜಾಗ ಇರಲಿಲ್ಲ.

ಜೀಪಿನ ವಿಷಯ ಬೇಗ ಮುಗಿಯುತ್ತದೆ: ಎಲ್ಲರ ಹತ್ತಿರವೂ ಇತ್ತು.

ಕಾಂಟೆಸ್ಸಾ ಹಾಗಲ್ಲ. ಹಿಂದೂಸ್ತಾನ್ ಮೋಟರ್ಸ್ 1984ರಲ್ಲಿ ಇದನ್ನು ತಂದಾಗ ಮೈಕಟ್ಟು ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರ್‌ನದು, ಒಳಗಿನ ಎಂಜಿನ್ ನಮ್ಮ ಅಂಬಾಸಿಡರ್‌ನದು. ಪೈಲ್ವಾನನ ಅಂಗಿ ತೊಟ್ಟ ಮಾಸ್ತರನಂತೆ ಅದು ನಿಂತಾಗ ಭಯ ಹುಟ್ಟಿಸುತ್ತಿತ್ತು, ಹೊರಟಾಗ ಅನುಮಾನ. ಇಸುಜು ಎಂಜಿನ್ ಬಂದ ಮೇಲೆ ಮಾನ ಉಳಿಯಿತು. ಸಾವಕಾರ ಕೊಂಡದ್ದು ಕೊಲ್ಲಾಪುರದಿಂದ, ಎಂ.ಎಚ್. 09 ಪಾಸಿಂಗ್, ‘ಸಿಂಗಲ್ ಹ್ಯಾಂಡ್’ ಎಂದು ದಲ್ಲಾಳಿ ಆಣೆ ಮಾಡಿದ ಗಾಡಿ. ಆವರೇಜ್ ಎಷ್ಟು ಎಂದು ಕೇಳಿದವರಿಗೆ ಸಾವಕಾರ ಉತ್ತರ ಕೊಡದೆ ಬಾಗಿಲು ತೆಗೆದು ಸೀಟಿನ ರೆಕ್ಸಿನ್ ತೋರಿಸುತ್ತಿದ್ದ.

ಶುದ್ಧ ಸ್ಪೋರ್ಟ್ಸ್ ಕಾರ್ ಒಂದೇ ಒಂದು ಸಲ ಈ ಮನೆಯ ಹೊಸ್ತಿಲವರೆಗೆ ಬಂತು, ಅದೂ ಮಾತಿನಲ್ಲಿ. ಬೆಂಗಳೂರಿನ ಸ್ಯಾನ್ ಮೋಟರ್ಸ್ 1990ರ ದಶಕದ ಕೊನೆಗೆ ಸ್ಯಾನ್ ಸ್ಟಾರ್ಮ್ ಎಂಬ ಎರಡು ಸೀಟಿನ ಕಾರು ಹೊರತಂದಿತ್ತು. ಸಾವಕಾರ ಅದರ ಚಿತ್ರವನ್ನು ಪೇಪರಿನಿಂದ ಕತ್ತರಿಸಿ ಹೆಂಡತಿಗೆ ತೋರಿಸಿದ.

“ಎರಡ ಸೀಟ ಏನ್ರೀ? ಅತ್ತಿಯವ್ರು ಎಲ್ಲಿ ಕುಂದರತಾರ?”

ಅಡಿಗೆಮನೆಯಿಂದ ಅತ್ತೆಯೂ ಅದನ್ನೇ ಕೇಳಿದ್ದರಿಂದ ವ್ಯವಹಾರ ಅಲ್ಲಿಗೇ ನಿಂತಿತು.

ಈ ಶೋಕಿಯ ಅರ್ಥಶಾಸ್ತ್ರ ಸರಳ. ಕಬ್ಬು ಕಾರ್ಖಾನೆ ಮುಟ್ಟಿದ 14 ದಿನದೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಗಾಡಿ ಶೋಕಿಯವರಷ್ಟು ಶ್ರದ್ಧೆಯಿಂದ ಈ ಆದೇಶವನ್ನು ನಂಬಿದವರು ಯಾರೂ ಇಲ್ಲ. ಹದಿನಾಲ್ಕನೆಯ ದಿನವೇ ದಲ್ಲಾಳಿಗೆ ಮುಂಗಡ ಹೋಗುತ್ತದೆ; ಕಬ್ಬಿನ ಬಿಲ್ ತನಗೆ ತಿಳಿದಾಗ ಬರುತ್ತದೆ. ನಡುವಿನ ತಿಂಗಳುಗಳಲ್ಲಿ ಸಾವಕಾರ ಪೆಟ್ರೋಲನ್ನೂ ಉದ್ರಿ ತರುತ್ತಾನೆ.

ಈಗಿರುವುದು 2020ರ ಹೊಸ ಮಾದರಿಯ ಥಾರ್, ಪೆಟ್ರೋಲ್, 150 ಅಶ್ವಬಲ. ಈ ಬಲವನ್ನು ಪೂರ್ತಿ ಬಿಟ್ಟು ನೋಡುವ ಅವಕಾಶ ಮಾತ್ರ ಬಂದಿಲ್ಲ. ಕಬ್ಬಿನ ಹಂಗಾಮಿನಲ್ಲಿ ಸಂಕೇಶ್ವರದ ದಾರಿ ಹಿಡಿದರೆ ಮುಂದೆ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್. ಟ್ರ್ಯಾಕ್ಟರಿನಲ್ಲಿ ಹಾಡು ಜೋರಾಗಿರುವುದರಿಂದ ಅದರ ಡ್ರೈವರನಿಗೆ ಹಾರ್ನ್ ಕೇಳದು. “ಕಾಕಾ, ಸಾವಕಾಶ ಬರ್ರಿ, ಕಬ್ಬ ನಿಮ್ಮದ ಐತಿ” ಎಂದು ಅವನು ತಿರುವಿನಲ್ಲಿ ಕೂಗಿ ಹೇಳುತ್ತಾನೆ. ಟ್ರ್ಯಾಕ್ಟರೂ ಸಾವಕಾರನದೇ. ಮನೆಯಲ್ಲಿ ದುಡಿದ ಗಾಡಿ ಅದೊಂದೇ, ಆದರೆ ‘ಎಷ್ಟು ಗಾಡಿ ಇಟ್ಟಿದ್ದಿರಿ’ ಎಂದರೆ ಬೆರಳು ಮಡಚುವಾಗ ಅದು ಲೆಕ್ಕಕ್ಕೆ ಬರುವುದಿಲ್ಲ.

ಮಾರುವವರೆಗೆ ಯಾವ ಗಾಡಿಯೂ ಇವನಿಗೆ ಪೂರ್ತಿ ಹಿಡಿಸುವುದಿಲ್ಲ; ಮಾರಿದ ಮರುದಿನ ಅಂಥದ್ದು ಇನ್ನೊಂದಿಲ್ಲ. “ಅದನ್ನ ಮಾರಬಾರದಿತ್ತ ನೋಡ್ರಿ” ಎಂಬುದು ಈ ವರ್ಗದ ಸಾಮಾನ್ಯ ಕೂಗು, ಸಂಜೆ ಹೊತ್ತು ಹೆಚ್ಚು ಕೇಳಿಬರುತ್ತದೆ. ಹೋದ ವರ್ಷ ಸಾವಕಾರ ಹಳೆಯ ಆರ್‌ಎಕ್ಸ್ 100ನ್ನು ಹುಡುಕಿ, ತಾನು ಮಾರಿದ ಬೆಲೆಯ ಎಷ್ಟೋ ಪಟ್ಟು ತೆತ್ತು ಮರಳಿ ತಂದ. ಹೊಟ್ಟೆ ಈಗ ಇನ್ನೂ ದೊಡ್ಡದಾಗಿದೆ, ಗಾಡಿ ಅಷ್ಟೇ ಇದೆ. ಸದ್ಯ ಅದರ ಕಾರ್ಬ್ಯುರೇಟರ್ ನಿಪ್ಪಾಣಿಯ ಮಿಸ್ತ್ರಿಯ ಹತ್ತಿರ ಇದೆ. ಕಬ್ಬಿನ ಬಿಲ್ ಆದ ಮೇಲೆ ತರುವುದೆಂದು ನಿಶ್ಚಯವಾಗಿದೆ.