ನಾಯಿಯ ಹೊಟ್ಟೆಗೆ ನೂರು ಕೋಟಿ ನೆಂಟರು

ಬೆಳಿಗ್ಗೆ ಹೊತ್ತು ನಾಯಿ ಹಿಡಿದುಕೊಂಡು ವಾಕಿಂಗ್ ಹೊರಡೋರ ಮಾತು ಯಾವತ್ತಾದರೂ ಕಿವಿಗೆ ಬಿದ್ದಿದೆಯಾ? ಮುಂಚೆಯೆಲ್ಲ ಮಳೆ ಬಂತಾ, ನಲ್ಲಿ ಬಂತಾ ಅಂತ ವಿಚಾರಿಸಿಕೊಳ್ತಿದ್ದ ಜನ. ಈಗ ಬರೀ ನಂಬರು. “ನಮ್ಮದು ಇವತ್ತು ಮೂರು ರೀ. ನಿಮ್ಮದು?” “ಅಯ್ಯೋ, ರಾತ್ರಿಯಿಂದ ಆರು!” “ಆರಾ? ಏನು ತಿನ್ನಿಸಿದ್ರಿ?” ಪಕ್ಕದಲ್ಲಿ ಹೋಗೋರು ಇದೇನೋ ಮಕ್ಕಳ ಟೆಸ್ಟ್ ಮಾರ್ಕ್ಸಿರಬೇಕು ಅಂದುಕೊಂಡು ಅಯ್ಯೋ ಪಾಪ ಅಂತಾರೆ. ಅಲ್ಲ ಸ್ವಾಮಿ, ಅದು ನಾಯಿಯ ಎರಡನೇ ನಂಬರಿನ ಲೆಕ್ಕ. ಪಶುವೈದ್ಯರು ಅದಕ್ಕೊಂದು ಚಿತ್ರಪಟವನ್ನೇ ಇಟ್ಟುಕೊಂಡಿರುತ್ತಾರೆ, 1ರಿಂದ 7ರವರೆಗೆ. 1 ಅಂದರೆ ಒಣಕಲು ಉಂಡೆ, 7 ಅಂದರೆ ಬರೀ ನೀರು, 2 ಬಂದರೆ ಫಸ್ಟ್ ಕ್ಲಾಸು. ನಗಬೇಡಿ, ಮನುಷ್ಯರಿಗೂ ಇಂಥದ್ದೇ ಒಂದಿದೆ. ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ವೈದ್ಯರು 1997ರಲ್ಲಿ ಪ್ರಕಟಿಸಿದ್ದು, ಅದರಲ್ಲೂ ಏಳೇ ಬಗೆ. ಅಲ್ಲಿ 3 ಅಥವಾ 4 ಬಂದರೆ ಸುಖ. ಅಂದರೆ ಒಂದೇ ಮನೆಯಲ್ಲಿ ಯಜಮಾನರಿಗೆ ನಾಲ್ಕು ಒಳ್ಳೆಯದು, ಅವರ ನಾಯಿಗೆ ಎರಡು. ಪಟ ಅದಲುಬದಲಾದರೆ ಕಷ್ಟ, ಅಲ್ವಾ?

ನಮ್ಮ ಪಕ್ಕದ ಮನೆ ಬ್ರೂನೋ ಇದೆಯಲ್ಲ, ಲ್ಯಾಬ್ರಡಾರ್, ಅದರ ನಂಬರು ಆಗಾಗ ಐದು-ಆರರ ಹತ್ತಿರವೇ ಓಲಾಡುತ್ತಿರುತ್ತೆ. ಡಾಕ್ಟ್ರು ನೋಡಿ, ಜಂತುಹುಳು ಇಲ್ಲ, ಜ್ವರ ಇಲ್ಲ ಅಂದು ಒಂದು ಪುಡಿ ಬರೆದುಕೊಟ್ಟರು. ಪ್ರೋಬಯಾಟಿಕ್. ದಿನಕ್ಕೊಂದು ಪೊಟ್ಟಣ, ಊಟದ ಮೇಲೆ ಉದುರಿಸೋದು. ಕಾಂಪೌಂಡ್ ಗೋಡೆ ಮೇಲೆ ಆ ಡಬ್ಬಿ ಇಟ್ಟುಕೊಂಡು ನಾನೂ ಬ್ರೂನೋ ಯಜಮಾನರೂ ಅದರ ಸಣ್ಣ ಅಕ್ಷರ ಓದುತ್ತಿದ್ದಾಗ ಅವರ ಮನೆ ಅಜ್ಜಿ ಬಂದರು. ಒಂದು ಪೊಟ್ಟಣದಲ್ಲಿ 100 ಕೋಟಿ ಜೀವಂತ ಸೂಕ್ಷ್ಮಾಣು ಅಂತ ಓದಿ ಹೇಳಿದೆ. ಅಜ್ಜಿ ಕನ್ನಡಕ ಸರಿಮಾಡಿಕೊಂಡು, “ನೂರು ಕೋಟಿ ಒಳಗೆ ಹೋಗಿ ಏನು ಮಾಡ್ತಾವಂತೆ?” ಅಂದರು.

ನ್ಯಾಯವಾದ ಪ್ರಶ್ನೆ. ನನಗೆ ತೋಚಿದ್ದು ಹೀಗೆ: ಅವು ಬೇಸಿಗೆ ರಜಕ್ಕೆ ಬರೋ ನೆಂಟರು. ಬಂದವರೇ ಇದ್ದಬದ್ದ ಜಾಗದಲ್ಲೆಲ್ಲ ಚಾಪೆ ಹಾಸಿಬಿಡುತ್ತಾರೆ, ತುಂಟ ಬ್ಯಾಕ್ಟೀರಿಯಾಗಳಿಗೆ ಕೂರೋಕೆ ಜಾಗ ಇರೋಲ್ಲ. ಇದ್ದಬದ್ದದ್ದನ್ನು ತಿಂದು ಅಲ್ಲೇ ಒಂದಿಷ್ಟು ಆಮ್ಲ ಬಿಡುತ್ತಾರೆ, ಆ ಹುಳಿ ತುಂಟರಿಗೆ ಆಗಿಬರೋಲ್ಲ. ಆದರೆ ಎಷ್ಟೇ ಆದರೂ ನೆಂಟರು ನೋಡಿ, ಮನೆಯವರಾಗೋದಿಲ್ಲ. ಪುಡಿ ನಿಲ್ಲಿಸಿದ ಕೆಲವೇ ದಿನಕ್ಕೆ ಗಂಟುಮೂಟೆ ಕಟ್ಟಿಕೊಂಡು ಹಿಂದಿನ ಬಾಗಿಲಿಂದ ಹೊರಟುಬಿಡುತ್ತಾರೆ. ಅದಕ್ಕೇ ದಿನಾ ದಿನಾ ಹಾಕಬೇಕಾದ್ದು.

“ಇಷ್ಟೇನಾ? ಹೆಪ್ಪಿನಲ್ಲಿ ಇರೋದೂ ಅದೇ ಅಲ್ವೇನೋ” ಅಂದುಬಿಟ್ಟರು ಅಜ್ಜಿ.

ಹೆಪ್ಪು ಅಂದ ತಕ್ಷಣ ನನಗೆ ನಮ್ಮ ಹಳೇ ವಠಾರ ನೆನಪಾಯಿತು. ಬೇಲಿ ಮೇಲಿಂದ ಲೋಟ ಚಾಚಿ “ಒಂದು ಚಮಚ ಹೆಪ್ಪು ಕೊಡ್ರೀ” ಅನ್ನೋದು ಎಷ್ಟು ಸಾಮಾನ್ಯವಾಗಿತ್ತು! ದೀಪ ಹಚ್ಚಿದ ಮೇಲೆ ಮಾತ್ರ ಯಾರೂ ಕೊಡ್ತಿರಲಿಲ್ಲ. ಲಕ್ಷ್ಮಿ ಹೊರಟುಹೋಗ್ತಾಳೆ ಅಂತ. ಹಾಗಾಗಿ ಸಾಯಂಕಾಲ ಐದಕ್ಕೆಲ್ಲ ಲೋಟಗಳ ಓಡಾಟ ಶುರು. ಒಬ್ಬರ ಮನೆ ಮೊಸರು ಹುಳಿ ತಿರುಗಿತು ಅಂದರೆ ವಾರದೊಳಗೆ ಇಡೀ ಸಾಲಿನ ಮನೆಗಳ ಮೊಸರೂ ಹುಳಿ. ಯಾರ ಮನೆಯಿಂದ ಶುರುವಾಯ್ತು ಅನ್ನೋ ತನಿಖೆ ಬೇರೆ. ಮೊಸರಿನ ಹುಚ್ಚು ನಮಗಷ್ಟೇ ಅಲ್ಲ, ಪ್ಯಾರಿಸ್ಸಿನಲ್ಲಿ ಮೆಚ್ನಿಕಾಫ್ ಅಂತ ರಷ್ಯಾದ ವಿಜ್ಞಾನಿ ಒಬ್ಬರಿದ್ದರು, ಪಾಶ್ಚರ್ ಸಂಸ್ಥೆಯಲ್ಲಿ. 1908ರಲ್ಲಿ ನೊಬೆಲ್ ಬಂದದ್ದು ಬಿಳಿ ರಕ್ತಕಣಗಳು ರೋಗಾಣುಗಳನ್ನು ನುಂಗೋದನ್ನ ತೋರಿಸಿದ್ದಕ್ಕೆ. ಆದರೆ ಮನುಷ್ಯ ಜೋರಾಗಿ ಪ್ರಚಾರ ಮಾಡಿದ್ದು ಮೊಸರನ್ನ. ಬಲ್ಗೇರಿಯಾದ ರೈತರು ಹುಳಿ ಹಾಲು ಕುಡಿದೇ ದೀರ್ಘಕಾಲ ಬಾಳ್ತಾರೆ ಅಂತ ಪುಸ್ತಕ ಬರೆದು, ತಾವೂ ದಿನಾ ಕುಡಿದು, 71ಕ್ಕೆ ತೀರಿಕೊಂಡರು. ನಮ್ಮ ವಠಾರದ ಅಜ್ಜಿಯರು ಯಾವ ಪುಸ್ತಕವನ್ನೂ ಬರೆಯದೆ ತೊಂಬತ್ತು ದಾಟಿಸಿದರು.

ಸರಿ, ನಾಯಿಗೆ ಬರೋಣ. ಮೊಸರು ನಾಯಿಗೂ ಆಗುತ್ತೆ, ಬಹುಪಾಲು ನಾಯಿಗಳಿಗೆ. ಹಾಲಿಗಿಂತ ವಾಸಿ. ಮರಿತನ ದಾಟಿದ ಮೇಲೆ ಹಾಲಿನ ಸಕ್ಕರೆ ಅರಗಿಸೋ ಶಕ್ತಿ ಕಮ್ಮಿಯಾಗುತ್ತಲ್ಲ, ಮೊಸರಿನಲ್ಲಿ ಆ ಸಕ್ಕರೆಯ ಒಂದು ಪಾಲನ್ನ ಬ್ಯಾಕ್ಟೀರಿಯಾಗಳೇ ತಿಂದು ಮುಗಿಸಿರುತ್ತವೆ. ಆದರೆ ಮೊಸರಿನಲ್ಲಿ ಯಾವ ಜಾತಿಯವು ಎಷ್ಟಿವೆ ಅನ್ನೋ ಲೆಕ್ಕ ಯಾರಿಗೂ ಸಿಗೋಲ್ಲ, ಹೊಟ್ಟೆಯ ಆಮ್ಲದಲ್ಲಿ ಎಷ್ಟೋ ಸತ್ತೂ ಹೋಗ್ತವೆ. ಪುಡಿಯಲ್ಲಿ ಸಾಮಾನ್ಯವಾಗಿ ಇರೋ ಎಂಟೆರೋಕಾಕಸ್ ಫೀಸಿಯಂ ಬೇರೆಯೇ ಕುಲದ್ದು. ಇದನ್ನೆಲ್ಲ ಅಜ್ಜಿಗೆ ವಿವರಿಸಿದರೆ ಅವರ ಚಿಂತೆಯೇ ಬೇರೆ. ಬ್ರೂನೋಗೆ ಮೊಸರನ್ನ ಸಪ್ಪೆ ಕೊಡಿ ಅಂದಿದ್ದಾರಂತೆ ಡಾಕ್ಟ್ರು, ಉಪ್ಪಿಲ್ಲ, ಒಗ್ಗರಣೆ ಇಲ್ಲ. “ಒಗ್ಗರಣೆ ಇಲ್ಲದ ಮೊಸರನ್ನ ಹೇಗೋ ಗಂಟಲಲ್ಲಿ ಇಳಿಯುತ್ತೆ ಆ ಮೂಕಪ್ರಾಣಿಗೆ?” ಅಂತ ಕಣ್ಣಲ್ಲಿ ನೀರು ತಂದುಕೊಂಡರು. ಮೂಕಪ್ರಾಣಿ ಆ ಹೊತ್ತಿಗೆ ತಟ್ಟೆ ನೆಕ್ಕಿ, ತಟ್ಟೆ ಇಟ್ಟಿದ್ದ ನೆಲವನ್ನೂ ನೆಕ್ಕಿ, ನಮ್ಮ ಕಡೆ ಇನ್ನೂ ಇದೆಯಾ ಅನ್ನೋ ಹಾಗೆ ನೋಡ್ತಿತ್ತು.

ಪುಡಿಗಳ ಪೈಕಿ ಒಂದರ ಕಥೆ ನನಗೆ ಬಲು ಇಷ್ಟ. 1920ರ ದಶಕದಲ್ಲಿ ಬುಲಾರ್ಡ್ ಅಂತ ಫ್ರೆಂಚ್ ವಿಜ್ಞಾನಿ ಇಂಡೋಚೀನಾಕ್ಕೆ ಹೋಗಿದ್ದರಂತೆ. ಅಲ್ಲಿ ಕಾಲರಾ. ಊರವರು ಲಿಚಿ, ಮ್ಯಾಂಗೋಸ್ಟೀನ್ ಹಣ್ಣಿನ ಸಿಪ್ಪೆ ಕುದಿಸಿ ಕಷಾಯ ಕುಡೀತಿದ್ದರು. ಬುಲಾರ್ಡ್ ಆ ಸಿಪ್ಪೆಯಿಂದ ಒಂದು ಯೀಸ್ಟನ್ನ ಬೇರ್ಪಡಿಸಿ ತಂದರು. ಸ್ಯಾಕರೋಮೈಸಿಸ್ ಬುಲಾರ್ಡಿ ಅಂತ ಇವತ್ತಿಗೂ ಮಕ್ಕಳಿಗೆ ಭೇದಿಯಾದಾಗ ಕೊಡೋ ಪೊಟ್ಟಣದಲ್ಲಿ ಇರೋದು ಅದೇ. ನಾಯಿಗೂ ಬರೆದುಕೊಡ್ತಾರೆ. ಬ್ಯಾಕ್ಟೀರಿಯಾ ಅಲ್ಲ, ಯೀಸ್ಟು, ಹಾಗಾಗಿ ಆಂಟಿಬಯಾಟಿಕ್ ನಡೀತಿದ್ದರೂ ಸಾಯೋಲ್ಲ. ಉಳಿದವು ಸಾಯುತ್ತವೆ. ಬೆಳಿಗ್ಗೆ ಆಂಟಿಬಯಾಟಿಕ್ಕೂ ಪುಡಿಯೂ ಒಂದೇ ತುತ್ತಿನಲ್ಲಿ ಕೊಟ್ಟರೆ ಕೊಟ್ಟೂ ಕೊಡದ ಹಾಗೆ. ನಡುವೆ ಎರಡು ಗಂಟೆಯಾದರೂ ಅಂತರ ಇರಲಿ ಅಂತಾರೆ. ಕುದಿಯೋ ಗಂಜಿ ಮೇಲೆ ಉದುರಿಸೋದೂ ಹಾಗೇ, ನೂರು ಕೋಟಿಯನ್ನೂ ಬೇಯಿಸಿ ಬಡಿಸಿದ ಹಾಗಾಗುತ್ತೆ.

ಇಷ್ಟೆಲ್ಲ ಮಾಡಿದರೆ ಕೆಲಸ ಮಾಡುತ್ತಾ? ಸ್ವಲ್ಪ. 2019ರಲ್ಲಿ ಪ್ರಕಟವಾದ ಒಂದು ಅಮೆರಿಕದ ಪ್ರಯೋಗದಲ್ಲಿ ಭೇದಿ ಹತ್ತಿದ 60 ನಾಯಿಗಳನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಪ್ರೋಬಯಾಟಿಕ್, ಒಂದಕ್ಕೆ ಮೆಟ್ರೊನಿಡಜೋಲ್ (ನಮ್ಮ ಮನೆಗಳಲ್ಲೂ ಹೊಟ್ಟೆ ಕೆಟ್ಟರೆ ಮುಖ ಹಿಂಡಿಕೊಂಡು ನುಂಗ್ತೀವಲ್ಲ, ಆ ಕಹಿ ಮಾತ್ರೆ), ಮೂರನೆಯದಕ್ಕೆ ಔಷಧಿಯೇ ಇಲ್ಲದ ಹುಸಿ ಮಾತ್ರೆ. ಪುಡಿ ತಿಂದವು ಸರಾಸರಿ 3.5 ದಿನಕ್ಕೆ ಸರಿಹೋದವು, ಕಹಿ ಮಾತ್ರೆಯವು 4.6, ಹುಸಿಯವು 4.8. ಈ ವ್ಯತ್ಯಾಸವನ್ನ ಗಟ್ಟಿ ಅನ್ನೋ ಹಾಗಿಲ್ಲ ಅಂದರು ಅವರೇ. ಅಂದರೆ ಕೈಕಟ್ಟಿ ಕೂತರೂ ಹೆಚ್ಚಿನವು ವಾರದೊಳಗೆ ಸರಿಹೋಗ್ತವೆ. ಆದರೂ ನನ್ನನ್ನು ಕೇಳಿದರೆ, ಬೆಳಗಿನ ಜಾವ ಮೂರಕ್ಕೆ ಎದ್ದು ನೆಲ ಒರೆಸೋರಿಗೆ ಒಂದು ದಿನ ಉಳಿದೀತು ಅನ್ನೋ ಆಸೆಯೇ ಸಾಕು, ಏನಂತೀರಿ?

ತಮಾಷೆ ಅಂದರೆ ಡಬ್ಬಿಗಳದ್ದು. ಕೆನಡಾದಲ್ಲಿ ಪ್ರಾಣಿಗಳ ಪ್ರೋಬಯಾಟಿಕ್ 25 ಬಗೆಯವನ್ನ ಅಂಗಡಿಯಿಂದ ತಂದು ತೆರೆದು ನೋಡಿದರಂತೆ. 2011ರಲ್ಲಿ ಅದು ಪ್ರಕಟವಾಯಿತು. ಲೇಬಲ್ಲೂ ಸರಿಯಿದ್ದು, ಒಳಗಿನ ಮಾಲೂ ಲೇಬಲ್ಲಿಗೆ ತಕ್ಕ ಹಾಗೆ ಇದ್ದದ್ದು ಎರಡೇ ಎರಡು! ಕೆಲವದರ ಮೇಲೆ ಬ್ಯಾಕ್ಟೀರಿಯಾದ ಹೆಸರೇ ಕಾಗುಣಿತ ತಪ್ಪು. ಮದುವೆ ಲಗ್ನಪತ್ರಿಕೆಯಲ್ಲಿ ಹೆಸರು ತಪ್ಪು ಅಚ್ಚಾದರೆ ನೆಂಟರು ಬರೋದೇ ಇಲ್ಲ ಅಂತ ಕೂರ್ತಾರೆ, ಇವು ಮಾತ್ರ ಪಾಪ…

ಈಗ ಗುಟ್ಟಿನ ಮಾತು ಹೇಳ್ತೀನಿ, ಅವರ ಮನೆಗೆ ಕೇಳಿಸಬಾರದು. ಬ್ರೂನೋ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ ಕಮ್ಮಿ ಬಿದ್ದಿದೆ ಅಂತ ನನಗನ್ನಿಸೋಲ್ಲ. ಅದಕ್ಕೆ ಹೆಚ್ಚಾಗಿರೋದು ಹಿತೈಷಿಗಳು. ಬೆಳಿಗ್ಗೆ ತನ್ನ ಮನೆಯಲ್ಲಿ ಪುಡಿ ಹಾಕಿದ ಊಟ. ಆಮೇಲೆ ಗೇಟು ದಾಟಿ ಎದುರು ಮನೆ ಮೇಷ್ಟ್ರ ಹತ್ತಿರ ಗ್ಲೂಕೋಸ್ ಬಿಸ್ಕತ್ತು. ಮೂಲೆ ಮನೆಯಲ್ಲಿ ಇಡ್ಲಿ, ಮೇಲೆ ಈರುಳ್ಳಿ ಸಾಂಬಾರು. ಶುಕ್ರವಾರ ದೇವರ ನೈವೇದ್ಯದ ಪಾಯಸ, ದ್ರಾಕ್ಷಿ ಗೋಡಂಬಿ ಸಮೇತ. ಈರುಳ್ಳಿ ನಾಯಿಯ ರಕ್ತಕಣಗಳನ್ನ ಒಡೆಯುತ್ತೆ, ಒಣದ್ರಾಕ್ಷಿ ಮೂತ್ರಪಿಂಡಕ್ಕೇ ಕೈ ಇಡುತ್ತೆ. ಇದನ್ನ ಹೇಳಿದರೆ “ನಮ್ಮ ತಾತನ ಕಾಲದ ನಾಯಿ ಎಲ್ಲಾ ತಿಂತಿತ್ತು” ಅನ್ನೋ ಉತ್ತರ ತಯಾರಾಗಿರುತ್ತೆ. ತಿಂತಿತ್ತು, ನಿಜ. ಎಷ್ಟು ವರ್ಷ ಬದುಕ್ತಿತ್ತು ಅಂತ ಯಾರು ಬರೆದಿಟ್ಟಿದ್ದಾರೆ?

ಅನ್ನ, ಮುದ್ದೆಯ ಬಗ್ಗೆ ಮಾತ್ರ ನನ್ನ ತಕರಾರಿಲ್ಲ. ನಾಯಿ ತೋಳದ ವಂಶ, ಮಾಂಸವೇ ಬೇಕು ಅಂತ ಹೊಸ ಹುಡುಗರು ವಾದಿಸ್ತಾರೆ. ಆದರೆ ಸ್ವೀಡನ್ನಿನವರು 2013ರಲ್ಲಿ ತೋಳದ ಜೀನನ್ನೂ ನಾಯಿಯ ಜೀನನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಪಿಷ್ಟ ಕರಗಿಸೋ ಜೀನು ತೋಳದಲ್ಲಿ ಎರಡೇ ಪ್ರತಿ, ನಾಯಿಯಲ್ಲಿ 4ರಿಂದ 30. ನಮ್ಮ ಎಂಜಲು ತಿಂದೂ ತಿಂದೂ ಸಾವಿರಾರು ವರ್ಷದಲ್ಲಿ ಹೊಟ್ಟೆಯೇ ನಮ್ಮದಕ್ಕೆ ಒಗ್ಗಿಕೊಂಡಿದೆ. ನಮ್ಮ ಮುಧೋಳದ ನಾಯಿ ಜೋಳ ತಿಂದೇ ಮೊಲದ ಬೆನ್ನುಹತ್ತಿ ಓಡ್ತಿದ್ದದ್ದು.

ತುಪ್ಪದ ವಿಷಯ ಬೇರೆ. ನಾಯಿ ಹೊಟ್ಟೆಗೆ ತುಪ್ಪ ದಕ್ಕೋಲ್ಲ ಅಂತ ಗಾದೆಯಲ್ಲಿ ಹಿರಿಯರು ಬೈದದ್ದು ಮನುಷ್ಯರನ್ನೇ ಇರಬಹುದು, ಆದರೆ ಡಾಕ್ಟ್ರ ಮಾತೂ ಅದೇ. ಜಿಡ್ಡು ಜಾಸ್ತಿಯಾದರೆ ಕೆಲವು ನಾಯಿಗಳಿಗೆ ಮೇದೋಜೀರಕ ಗ್ರಂಥಿಯೇ ಊದಿಕೊಳ್ಳುತ್ತೆ. ತುಪ್ಪ ಅಂದಾಗ ನೆನಪಾಯಿತು, ಮಹಾಭಾರತದ ಆದಿಪರ್ವದಲ್ಲಿ ಸರಮೆ ಅನ್ನೋ ಹೆಣ್ಣುನಾಯಿಯ ಮರಿ ಬರುತ್ತಲ್ಲ, ಜನಮೇಜಯನ ಯಜ್ಞದ ಹತ್ತಿರ ಸುಳಿದಾಡಿದ್ದಕ್ಕೆ ಅವನ ತಮ್ಮಂದಿರ ಕೈಲಿ ಹೊಡೆಸಿಕೊಂಡದ್ದು. “ನಾನು ಹವಿಸ್ಸನ್ನ ನೋಡಿಯೂ ಇಲ್ಲ, ನೆಕ್ಕಿಯೂ ಇಲ್ಲ” ಅಂತ ಅಮ್ಮನ ಹತ್ತಿರ ಅತ್ತಿತಂತೆ. ಸರಮೆ ಹೋಗಿ ಅಷ್ಟು ದೊಡ್ಡ ರಾಜನಿಗೇ ಶಾಪ ಕೊಟ್ಟು ಬಂದಳು. ನಮ್ಮ ಬ್ರೂನೋ ಆ ಜಾಗದಲ್ಲಿದ್ದಿದ್ದರೆ ಅಷ್ಟು ಧೈರ್ಯವಾಗಿ ಹೇಳೋಕಾಗ್ತಿತ್ತಾ ಅಂತ ನನಗೆ ಅನುಮಾನ.

ಇನ್ನೊಂದು ಗಾದೆ ಇದೆ, ಸಿಂಹಾಸನದ ಮೇಲೆ ಕೂರಿಸಿದರೂ ನಾಯಿ ಏನು ಕಂಡು ಹಾರಿತು ಅನ್ನೋದು. ಊಟದ ಹೊತ್ತಿರಬಹುದು, ಪೂರ್ತಿ ಹೇಳೋಲ್ಲ. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಅದರ ಮೇಲೂ ಸಂಶೋಧನೆ ಮಾಡಿ 2018ರಲ್ಲಿ ಪ್ರಕಟಿಸಿದ್ದಾರೆ. ಸುಮಾರು 16% ನಾಯಿಗಳಿಗೆ ಅದು ಪದೇಪದೇ ಬೇಕು, ಅದೂ ಎರಡು ದಿನದೊಳಗಿನ ತಾಜಾ ಮಾಲೇ ಆಗಬೇಕು. ಬಿಡಿಸೋಕೆ ಮಾರುವ ಪುಡಿಗಳು ಯಾವುವೂ ನೆಟ್ಟಗೆ ಕೆಲಸ ಮಾಡಲಿಲ್ಲ. ಪ್ರೋಬಯಾಟಿಕ್ಕನ್ನ ಇದಕ್ಕೂ ರಾಮಬಾಣ ಅಂತ ಮಾರೋರಿದ್ದಾರೆ, ನಂಬಬೇಡಿ.

ಹಾಂ, ಒಂದು ಮಾತ್ರ ತಮಾಷೆಯಲ್ಲ. ಮರಿನಾಯಿ ವಾಂತಿ ಮಾಡಿ, ರಕ್ತ ಬೆರೆತ ಭೇದಿಗೆ ಹೋಗಿ, ಮಂಕಾಗಿ ಮಲಗಿತು ಅಂದರೆ ಪಾರ್ವೋ ಅನ್ನೋ ವೈರಸ್ ರೋಗ ಇರಬಹುದು, ಆಗ ಪುಡಿ ಪೊಟ್ಟಣ ಹುಡುಕ್ತಾ ಕೂರದೆ ಆಟೋ ಹತ್ತಿ. ಮನುಷ್ಯರ ಪ್ರೋಬಯಾಟಿಕ್ ಚೂಯಿಂಗ್ ಮಾತ್ರೆಯನ್ನ ನಾಯಿಗೂ ಒಂದು ಅಂತ ಹಂಚಬೇಡಿ. ಕೆಲವದರಲ್ಲಿ ಸಿಹಿಗೆ ಕ್ಸೈಲಿಟಾಲ್ ಹಾಕಿರ್ತಾರೆ, ಅದು ನಾಯಿಗೆ ವಿಷ.

ಈಗ ಅವರ ಮನೆಯಲ್ಲಿ ಎದ್ದಿರೋ ಸಮಸ್ಯೆ ಹೊಟ್ಟೆಯದ್ದಲ್ಲ. ಡಬ್ಬಿಯ ಕೆಳಗಿನ ಸಾಲಿನಲ್ಲಿ ಇನ್ನೂ ಸಣ್ಣ ಅಕ್ಷರದಲ್ಲಿ ‘ಕೋಳಿ ಲಿವರ್ ಫ್ಲೇವರ್’ ಅಂತ ಇದ್ದದ್ದನ್ನ ಮೊಮ್ಮಗಳು ಓದಿಬಿಟ್ಟಳು. ಬೆಳ್ಳುಳ್ಳಿ ಕೂಡ ಹಿತ್ತಲಲ್ಲೇ ಜಜ್ಜೋ ಮನೆ ಅದು. ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿದರು. ಬ್ರೂನೋ ಆ ಪುಡಿ ಕಂಡರೆ ಕುಣಿಯೋದು ಯಾಕೆ ಅಂತ ಆಗ ಗೊತ್ತಾಯಿತು ನೋಡಿ, ಒಳಗಿನ ನೂರು ಕೋಟಿಯ ಮೇಲಿನ ಪ್ರೀತಿಗಂತೂ ಅಲ್ಲ. ಈಗ ಆ ಪೊಟ್ಟಣ ಹರಿಯೋಕೆ ಬೇರೆ ಕತ್ತರಿ, ಬೇರೆ ಚಮಚ, ಹರಿಯೋದು ಗೇಟಿನ ಆಚೆ. ಇಷ್ಟಾದರೂ ಬಗೆಹರಿಯದೆ ಉಳಿದದ್ದು ಒಂದು. ಬೇಸಿಗೆ ಬೇರೆ, ತಂಪಾದ ಜಾಗದಲ್ಲಿ ಇಡಿ ಅಂತ ಡಬ್ಬಿ ಮೇಲೆ ಬರೆದಿದೆ. ಅವರ ಫ್ರಿಜ್ಜಿನಲ್ಲಿ ಅಭಿಷೇಕದ ಹಾಲು ಇರುತ್ತೆ. “ನಿಮ್ಮ ಫ್ರಿಜ್ಜಿನಲ್ಲಿ ಒಂದು ಮೂಲೆ ಸಿಗುತ್ತಾ?” ಅಂತ ಗೋಡೆ ಆಚೆಯಿಂದ ಕೇಳಿದ್ದಾರೆ. ಧಾರಾಳವಾಗಿ ಅಂತ ನಾನೇನೋ ಹೇಳಿದೆ. ಒಳಗೆ ನಮ್ಮವಳನ್ನ ಇನ್ನೂ ಕೇಳಬೇಕು.